ನೂರು ಅಂಕದ ಮಹಿಮೆ

ಕ್ರಿಸ್ಟೋಫರ್ ಏವರಿ, ಆಂಡ್ರ್ಯೂ ಫೇರ್‌ಬ್ಯಾಂಕ್ಸ್, ರಿಚರ್ಡ್ ಜೆಕ್‌ಹೌಸರ್ ಮೂವರೂ ಸೇರಿ ಬರೆದ ‘ದಿ ಅರ್ಲಿ ಅಡ್ಮಿಷನ್ಸ್ ಗೇಮ್’ 2003ರಲ್ಲಿ ಹಾರ್ವರ್ಡ್ ಯೂನಿವರ್ಸಿಟಿ ಪ್ರೆಸ್‌ನಿಂದ ಹೊರಬಂತು. ಅಮೆರಿಕದ ಪ್ರತಿಷ್ಠಿತ ಕಾಲೇಜುಗಳ ಒಳಗುಟ್ಟನ್ನು ಬಯಲಿಗೆಳೆದ ಪುಸ್ತಕ ಎಂಬ ಕೀರ್ತಿ ಅಂದು ಅಂಟಿಕೊಂಡದ್ದು ಇಂದಿಗೂ ಕಳಚಿಲ್ಲ. ಪುಸ್ತಕವನ್ನು ಕಣ್ಣಲ್ಲಿ ಕಾಣದವರಿಗೂ ಅದರ ಒಂದು ಮಾತು ಗೊತ್ತು: ಕಾಲೇಜಿಗೆ ಮುಂಚಿತವಾಗಿ ಅರ್ಜಿ ಹಾಕುವುದೂ ಒಂದೇ, ಎಸ್‌ಎಟಿ ಪ್ರವೇಶ ಪರೀಕ್ಷೆಯಲ್ಲಿ ನೂರು ಅಂಕ ಹೆಚ್ಚಿಗೆ ತೆಗೆಯುವುದೂ ಒಂದೇ. ಕ್ಯಾಲಿಫೋರ್ನಿಯಾದ ಕನ್ನಡಿಗರ ಮನೆಗಳಲ್ಲಿ, ಬೆಂಗಳೂರಿನ ಇಂಟರ್‌ನ್ಯಾಷನಲ್ ಶಾಲೆಗಳ ಪೋಷಕರ ಸಭೆಗಳಲ್ಲಿ ಈ ಮಾತು ಶಾಸ್ತ್ರವಾಕ್ಯದ ಗತ್ತಿನಲ್ಲಿ ಓಡಾಡುತ್ತದೆ. ನನ್ನ ತಕರಾರು ಈ ಕೀರ್ತಿಯ ಬಗ್ಗೆ. ಗುಟ್ಟು ಬಯಲಾಯಿತು ಎನ್ನುವುದು ಅರ್ಧ ನಿಜ. ಬಯಲಾದ ಗುಟ್ಟನ್ನು ಅದೇ ಪುಸ್ತಕ ಮುಂದಿನ ಅಧ್ಯಾಯದಲ್ಲಿ ಮಾರಾಟಕ್ಕಿಟ್ಟಿತು ಎನ್ನುವುದು ಉಳಿದರ್ಧ.

ಅರ್ಲಿ ಡಿಸಿಷನ್, ಅರ್ಲಿ ಆಕ್ಷನ್‌ಗಳ ವ್ಯತ್ಯಾಸವನ್ನು ಇಲ್ಲಿ ಬಿಡಿಸಿ ಹೇಳುತ್ತ ಕೂರುವುದಿಲ್ಲ. ಮೊದಲನೆಯದರಲ್ಲಿ ಒಂದೇ ಕಾಲೇಜು, ಸಿಕ್ಕರೆ ಸೇರಲೇಬೇಕು. ಎರಡನೆಯದರಲ್ಲಿ ಉತ್ತರ ಬೇಗ ಬರುತ್ತದೆ, ಕಟ್ಟುಪಾಡಿಲ್ಲ. ಗಡುವು ಬಹುಪಾಲು ನವೆಂಬರ್ 1. ನಾವು ರಾಜ್ಯೋತ್ಸವದ ಬಾವುಟ ಹಾರಿಸುವ ದಿನ ಆ ಮಕ್ಕಳು ಪ್ರಬಂಧದ ಕೊನೆಯ ಪ್ಯಾರಾ ತಿದ್ದುತ್ತಿರುತ್ತಾರೆ. ಉತ್ತರ ಡಿಸೆಂಬರ್ ಮಧ್ಯದಲ್ಲಿ. ಹಲವು ಕಾಲೇಜುಗಳು ತಮ್ಮ ಸೀಟುಗಳಲ್ಲಿ ಅರ್ಧದಷ್ಟನ್ನು ಈ ಸುತ್ತಿನಲ್ಲೇ ತುಂಬಿಸಿಕೊಳ್ಳುತ್ತವೆ. ಹೀಗಾಗಿ ‘ಅರ್ಲಿ ಎಲ್ಲಿಗೆ ಹಾಕೋದು?’ ಎಂಬ ಪ್ರಶ್ನೆ ಹದಿನೇಳರ ಹುಡುಗ ಹುಡುಗಿಯರ ಮನೆಯಲ್ಲಿ ಮದುವೆ ಮಾತುಕತೆಯ ಗಾಂಭೀರ್ಯ ಪಡೆದಿದೆ.

ಮೊದಲು ಪುಸ್ತಕಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. 14 ಕಾಲೇಜುಗಳಿಗೆ ಬಂದ 5 ಲಕ್ಷಕ್ಕೂ ಹೆಚ್ಚು ಅರ್ಜಿಗಳ ದಾಖಲೆ, ವಿದ್ಯಾರ್ಥಿಗಳ ಮತ್ತು ಕೌನ್ಸೆಲರ್‌ಗಳ ನೂರಾರು ಸಂದರ್ಶನ. ಇಷ್ಟು ಸಾಮಗ್ರಿಯನ್ನು ಅದಕ್ಕೆ ಮುಂಚೆ ಯಾರೂ ಒಂದೆಡೆ ತಂದಿರಲಿಲ್ಲ. ‘ಬೇಗ ಹಾಕುವವರು ಹೇಗೂ ಜಾಣರು, ಅದಕ್ಕೇ ಹೆಚ್ಚು ಮಂದಿಗೆ ಸಿಗುತ್ತದೆ’ ಎಂದು ಕಾಲೇಜುಗಳ ಪ್ರವೇಶ ಅಧಿಕಾರಿಗಳು ವರ್ಷಾನುಗಟ್ಟಲೆ ಹಾಡಿದ ಹಾಡನ್ನು ಈ ಪುಸ್ತಕ ನಿಲ್ಲಿಸಿತು. ಮೂರನೆಯ ಅಧ್ಯಾಯಕ್ಕೆ ‘ಮಂಗಳ ಗ್ರಹದ ಬ್ಲ್ಯಾಕ್‌ಜಾಕ್’ ಎಂದು ಹೆಸರು. ನಿಯಮ ಗೊತ್ತಿಲ್ಲದ ಜೂಜಿನ ಮೇಜಿನ ಮುಂದೆ ಮಕ್ಕಳನ್ನು ಕೂರಿಸಿದ್ದಾರೆ ಎಂಬುದು ಅದರ ಹೂರಣ. ಶಾಲೆಯಲ್ಲಿ ಒಳ್ಳೆಯ ಕೌನ್ಸೆಲರ್ ಇದ್ದವನಿಗೆ ನಿಯಮ ಗೊತ್ತು, ಸಾವಿರ ಮಕ್ಕಳಿಗೊಬ್ಬ ಕೌನ್ಸೆಲರ್ ಇರುವ ಸರ್ಕಾರಿ ಶಾಲೆಯ ಹುಡುಗಿಗೆ ಗೊತ್ತಿಲ್ಲ. ಪುಸ್ತಕದ ಅತ್ಯುತ್ತಮ ಭಾಗ ಇದೇ. ಇಷ್ಟಕ್ಕೇ ನಿಂತಿದ್ದರೆ ನಾನು ಲೇಖನಿ ಎತ್ತುತ್ತಿರಲಿಲ್ಲ.

ಈಗ ನೂರು ಅಂಕದ ವಿಷಯ. ಈ ಲೆಕ್ಕ ಬಂದ ಬಗೆಯನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ಅಂಕ, ತರಗತಿಯ ಸ್ಥಾನ ಇತ್ಯಾದಿ ಒಂದೇ ಮಟ್ಟದಲ್ಲಿರುವ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬ ನವೆಂಬರಿನಲ್ಲಿ ಅರ್ಜಿ ಹಾಕಿದ್ದಾನೆ, ಇನ್ನೊಬ್ಬ ಜನವರಿಯಲ್ಲಿ. ಮೊದಲನೆಯವನಿಗೆ ಸೀಟು ಸಿಗುವ ಸಂಭವ ಇಷ್ಟು ಹೆಚ್ಚು ಎಂದು ದಾಖಲೆಯಿಂದ ತಿಳಿಯುತ್ತದೆ. ಆಮೇಲೆ ಬರುವ ಪ್ರಶ್ನೆ: ಜನವರಿಯವನು ಈ ಅಂತರವನ್ನು ಮುಚ್ಚಲು ಎಸ್‌ಎಟಿಯಲ್ಲಿ ಎಷ್ಟು ಮೇಲೆ ಹೋಗಬೇಕಿತ್ತು? ಉತ್ತರ, 1600ರ ಪರೀಕ್ಷೆಯಲ್ಲಿ ಸುಮಾರು 100. ಕ್ರೀಡಾಪಟುಗಳು, ಹಳೆ ವಿದ್ಯಾರ್ಥಿಗಳ ಮಕ್ಕಳು ಅರ್ಲಿ ಸುತ್ತಿನಲ್ಲಿ ಗುಂಪಾಗಿ ಬರುವುದರಿಂದ ಲೆಕ್ಕ ಕೆಟ್ಟಿದೆ ಎಂಬ ಆಕ್ಷೇಪ ಎಲ್ಲರ ಬಾಯಲ್ಲೂ ಇದೆ. ಲೇಖಕರು ಅದನ್ನು ಅರಿಯದವರಲ್ಲ. ಅಂಥವರನ್ನು ಬದಿಗಿಟ್ಟರೂ ಲಾಭ ಉಳಿಯುತ್ತದೆಂದು ತೋರಿಸುತ್ತಾರೆ. ಸಂಖ್ಯಾಶಾಸ್ತ್ರದ ಮಟ್ಟಿಗೆ ಅವರನ್ನು ಹಿಡಿಯುವುದು ಕಷ್ಟ. ಹಿಡಿಯಬೇಕಾದದ್ದು ಬೇರೆ ಕಡೆ, ಸಂಭವವನ್ನು ಅಂಕಕ್ಕೆ ಪರಿವರ್ತಿಸಿದ ಆ ಒಂದು ಹೆಜ್ಜೆಯಲ್ಲಿ.

ಯಾಕೆ ಅಂಕಕ್ಕೆ? ಸಂಭವ ಇಷ್ಟು ಶೇಕಡಾ ಹೆಚ್ಚು ಎಂದು ಹೇಳಿ ಸುಮ್ಮನಾಗಬಹುದಿತ್ತು. ಏವರಿ ಮುಂದೆ 2010ರಲ್ಲಿ ಜೊನಾಥನ್ ಲೆವಿನ್ ಜತೆ ಬರೆದ ಪ್ರಬಂಧದಲ್ಲಿ 20ರಿಂದ 30 ಶೇಕಡಾ ಅಂಶಗಳ ಮಾತು ಬರುತ್ತದೆ. ಅಲ್ಲೂ ಪಕ್ಕದಲ್ಲೇ ನೂರು ಅಂಕ ಹಾಜರು. ಅಂಕ ಎಂದೊಡನೆ ಓದುವವನ ಮನಸ್ಸಿನಲ್ಲಿ ಅದು ಯೋಗ್ಯತೆಯ ಕಡತಕ್ಕೆ ಸೇರಿಹೋಗುತ್ತದೆ. ಅಂಕ ಗಳಿಸಬೇಕಾದದ್ದು, ದುಡಿದು ಪಡೆಯಬೇಕಾದದ್ದು. ನವೆಂಬರಿನ ಅರ್ಜಿಯಲ್ಲಿ ದುಡಿದದ್ದೇನಿದೆ? ಅಲ್ಲಿ ಆಗುವುದು ಒಂದು ಹಕ್ಕಿನ ತ್ಯಾಗ: ಬೇರೆ ಕಾಲೇಜುಗಳು ಎಷ್ಟು ಧನಸಹಾಯ ಕೊಡುತ್ತಿದ್ದವು ಎಂದು ಹೋಲಿಸಿ ನೋಡುವ ಹಕ್ಕನ್ನು ಕುಟುಂಬ ಬಿಟ್ಟುಕೊಡುತ್ತದೆ. ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಸಂಭವ ಹೆಚ್ಚುತ್ತದೆ. ಇದು ಕೊಡುಕೊಳ್ಳುವ ವ್ಯವಹಾರ. ವ್ಯವಹಾರವನ್ನು ಅಂಕಪಟ್ಟಿಯ ಭಾಷೆಯಲ್ಲಿ ಬರೆದಾಗ ಲೇಖಕರು ಅದರ ಬೆಲೆಯನ್ನು ಮರೆಮಾಡಿ ಲಾಭವನ್ನಷ್ಟೇ ಮುಂದಿಟ್ಟಂತಾಯಿತು. ಯಾರಿಗೆ ಹೋಲಿಸಿ ನೋಡುವ ಅಗತ್ಯವೇ ಇಲ್ಲವೋ ಅವರಿಗೆ ಈ ನೂರು ಅಂಕ ಪುಕ್ಕಟೆ. ಯಾರಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್ ಹೆಚ್ಚುಕಡಿಮೆಯಾದರೆ ಮನೆ ಅಡಮಾನಕ್ಕೆ ಹೋಗುತ್ತದೋ ಅವರಿಗೆ ಅದು ದುಬಾರಿ. ಎಲ್ಲರಿಗೂ ಒಂದೇ ಅಂಕೆ ಬರೆದರೆ ಸರಾಸರಿ ಸರಿಯಿರಬಹುದು, ಮಾತು ಸುಳ್ಳಾಗುತ್ತದೆ.

ಇನ್ನೂ ಒಂದು ಎಳೆ. 1300ರಿಂದ 1400ಕ್ಕೆ ಏರುವ ನೂರು, 1450ರಿಂದ 1550ಕ್ಕೆ ಏರುವ ನೂರು ಒಂದೇ ಅಲ್ಲವೆಂದು ಪರೀಕ್ಷೆಗೆ ಕೂತವರಿಗೆಲ್ಲ ಗೊತ್ತು. 1560 ಇರುವವಳಿಗೆ ಇನ್ನು ನೂರು ಸೇರಿಸುವುದೆಂದರೆ ಏನರ್ಥ? ಸಾಲದ್ದಕ್ಕೆ ಆ ನಾಣ್ಯವೇ ಚಲಾವಣೆಯಲ್ಲಿ ಏರುಪೇರಾಗಿದೆ. ಪುಸ್ತಕದ ಅರ್ಜಿಗಳು 1990ರ ದಶಕದವು. ಎಸ್‌ಎಟಿ 2005ರಲ್ಲಿ 2400 ಅಂಕದ್ದಾಯಿತು, 2016ರಲ್ಲಿ ಮರಳಿ 1600ಕ್ಕೆ ಬಂತು, ಈಗ ಕಂಪ್ಯೂಟರಿನ ಮೇಲೆ ನಡೆಯುತ್ತದೆ. 2020ರ ಕೋವಿಡ್ ನಂತರ ಹಲವು ಕಾಲೇಜುಗಳು ಅಂಕ ಬೇಕಿಲ್ಲ ಎಂದವು. ಎಂಐಟಿ 2022ರಲ್ಲಿ, ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ 2024ರಲ್ಲಿ ಮತ್ತೆ ಬೇಕು ಎಂದವು. ಇಷ್ಟೆಲ್ಲ ಆದಮೇಲೂ ನಮ್ಮ ಊರಿನ ಸಲಹೆಗಾರರ ಸ್ಲೈಡಿನಲ್ಲಿ ಅದೇ ನೂರು ಅಂಕ ರಾರಾಜಿಸುತ್ತಿದೆ. ಅದನ್ನು ಅಲ್ಲಿಗೆ ಅಂಟಿಸಿದ್ದು ಲೇಖಕರಲ್ಲ, ಒಪ್ಪುತ್ತೇನೆ. ಆದರೆ ಅಂಟುವಂತೆ ಮಾಡಿದವರು ಅವರೇ.

ಬೆಲೆ ಎಲ್ಲಿದೆ ಎಂದು ನೋಡಬೇಕಾದರೆ ಪುಸ್ತಕ ಬಿಟ್ಟು ಆ ಒಪ್ಪಂದದ ಪತ್ರವನ್ನೇ ಕೈಗೆತ್ತಿಕೊಳ್ಳಬೇಕು. ಕಾಮನ್ ಅಪ್ಲಿಕೇಷನ್ ಮೂಲಕ ಅರ್ಲಿ ಡಿಸಿಷನ್ ಹಾಕುವಾಗ ಮೂವರ ಸಹಿ ಬೇಕು: ವಿದ್ಯಾರ್ಥಿ, ತಂದೆ ಅಥವಾ ತಾಯಿ, ಶಾಲೆಯ ಕೌನ್ಸೆಲರ್. ಸೀಟು ಸಿಕ್ಕೊಡನೆ ಉಳಿದೆಲ್ಲ ಅರ್ಜಿಗಳನ್ನು ಹಿಂದೆಗೆದುಕೊಳ್ಳುತ್ತೇನೆ ಎಂದು ಹುಡುಗ ಮಾತು ಕೊಡುತ್ತಾನೆ. ಧನಸಹಾಯ ಸಾಲದಿದ್ದರೆ ಬಿಡುಗಡೆ ಇದೆ, ನಿಜ. ಎಷ್ಟಾದರೆ ಸಾಲದು ಎಂಬ ಚರ್ಚೆ ಶುರುವಾಗುವ ಹೊತ್ತಿಗೆ ಕುಟುಂಬದ ಕೈಯಲ್ಲಿ ಇರುವುದು ಒಂದೇ ಕಾಗದ. ‘ಅವರು ಇಷ್ಟು ಕೊಡುತ್ತಿದ್ದಾರೆ, ನೀವು?’ ಎಂದು ಕೇಳಲು ಎರಡನೆಯ ಕಾಗದವಿಲ್ಲ. ಸಹಿ ಹಾಕಿದ ಮೂವರಲ್ಲಿ ಕೌನ್ಸೆಲರ್‌ಗೆ ಇನ್ನೂ ಒಂದು ಭಯ. ತನ್ನ ಶಾಲೆಯ ಹುಡುಗ ಮಾತು ಮುರಿದರೆ ಮುಂದಿನ ವರ್ಷದ ಮಕ್ಕಳ ಅರ್ಜಿಗಳ ಮೇಲೆ ಕಾಲೇಜಿನ ಕಣ್ಣು ಬೀಳುತ್ತದೆ. ಕಾನೂನಿನ ಕೋರ್ಟಿನಲ್ಲಿ ನಿಲ್ಲದ ಒಪ್ಪಂದ ಈ ಭಯದ ಬಲದ ಮೇಲೆ ನಿಂತಿದೆ. ಪುಸ್ತಕದಲ್ಲಿ ಕೌನ್ಸೆಲರ್‌ಗಳ ತಂತ್ರಗಳಿಗೆ ಧಾರಾಳ ಜಾಗವಿದೆ, ಈ ಸಹಿಗೆ ಅದರ ತೂಕ ಸಿಕ್ಕಿಲ್ಲ.

ನಮ್ಮ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಆಪ್ಷನ್ ಎಂಟ್ರಿ ಮಾಡಿದ ಅಪ್ಪ ಅಮ್ಮಂದಿರಿಗೆ ಇದು ಬೇಗ ಅರ್ಥವಾಗಬೇಕು. ಅಲ್ಲಿ ಮೊದಲು ರ್‍ಯಾಂಕ್ ಕೈಗೆ ಬರುತ್ತದೆ, ಆಮೇಲೆ ಕಾಲೇಜುಗಳ ಪಟ್ಟಿ. ಮೊದಲನೆಯ ಆಪ್ಷನ್ನಿನಲ್ಲಿ ಏನು ಹಾಕಿದಿರಿ ಎಂಬುದರಿಂದ ರ್‍ಯಾಂಕ್ ಮೇಲೂ ಹೋಗುವುದಿಲ್ಲ, ಕೆಳಗೂ ಬರುವುದಿಲ್ಲ. ಅಣಕು ಸೀಟು ಹಂಚಿಕೆ ನೋಡಿ ಪಟ್ಟಿ ಬದಲಿಸಬಹುದು. ಸೀಟು ಬಂದಮೇಲೆ ಚಾಯ್ಸ್ 1 ಎಂದರೆ ಸೇರಿದಂತೆ, ಚಾಯ್ಸ್ 2 ಎಂದರೆ ಇದನ್ನಿಟ್ಟುಕೊಂಡು ಮೇಲಿನದಕ್ಕೆ ಕಾಯುವುದು. ಕೆಇಎ ವ್ಯವಸ್ಥೆಯ ಬಗ್ಗೆ ನಾವೆಲ್ಲ ಬೈದುಕೊಂಡಿದ್ದೇವೆ, ಸರ್ವರ್ ಕೈಕೊಟ್ಟ ರಾತ್ರಿಗಳ ಬಗ್ಗೆ ಬೇರೆಯೇ ಪ್ರಬಂಧ ಬರೆಯಬಹುದು. ಆದರೂ ಆ ಪಟ್ಟಿಯಲ್ಲಿ ಮನಸ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದರೆ ನಷ್ಟವಿಲ್ಲ. ಅರ್ಲಿ ಡಿಸಿಷನ್‌ನಲ್ಲಿ ಚಾಯ್ಸ್ 1 ಒತ್ತಿದ ಮೇಲೆಯೇ ರ್‍ಯಾಂಕ್ ನಿರ್ಧಾರವಾಗುತ್ತದೆ, ಒತ್ತಿದ ಕಾರಣಕ್ಕೇ ಅದು ಮೇಲೇರುತ್ತದೆ. ನಿಜವಾಗಿ ಬೇಕಾದ ಕಾಲೇಜನ್ನು ಬರೆಯಬೇಕೋ, ಸಿಗಬಹುದಾದದ್ದನ್ನು ಬರೆಯಬೇಕೋ ಎಂಬ ಸಂಕಟ ಇಲ್ಲಿಂದಲೇ ಹುಟ್ಟುವುದು.

ಈ ಸಂಕಟಕ್ಕೆ ಅರ್ಥಶಾಸ್ತ್ರದಲ್ಲಿ ಮದ್ದು ಇಲ್ಲದೆ ಇಲ್ಲ. ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ 1962ರಲ್ಲೇ ಕಾಲೇಜು ಪ್ರವೇಶವನ್ನು ಉದಾಹರಣೆಯಾಗಿಟ್ಟುಕೊಂಡು ಹಂಚಿಕೆಯ ವಿಧಾನವೊಂದನ್ನು ಬರೆದಿಟ್ಟರು. ಶಾಪ್ಲಿ ಮತ್ತು ಆಲ್ವಿನ್ ರಾತ್‌ಗೆ 2012ರ ನೊಬೆಲ್ ಬಂದದ್ದು ಈ ದಾರಿಯ ಕೆಲಸಕ್ಕೆ. ಬಾಸ್ಟನ್ ನಗರದ ಶಾಲೆಗಳಲ್ಲಿ ಬಹುಕಾಲ ಮೊದಲ ಆಯ್ಕೆಯಾಗಿ ಬರೆದವರಿಗೇ ಆದ್ಯತೆ ಎಂಬ ಪದ್ಧತಿ ಇತ್ತು. ಅಲ್ಲಿನ ಪೋಷಕರ ಗುಂಪೊಂದು ತನ್ನ ಸದಸ್ಯರಿಗೆ ಪಟ್ಟಿಯನ್ನು ಹೇಗೆ ಜಾಣತನದಿಂದ ತುಂಬಬೇಕೆಂದು ಹೇಳಿಕೊಡುತ್ತಿತ್ತು. ಹೇಳಿಕೊಡುವವರಿಲ್ಲದ ಮನೆಯ ಮಕ್ಕಳು ಸೋಲುತ್ತಿದ್ದರು. ಅರ್ಥಶಾಸ್ತ್ರಜ್ಞರು ತೋರಿಸಿಕೊಟ್ಟ ಮೇಲೆ 2005ರಲ್ಲಿ ನಗರ ಆ ಪದ್ಧತಿಯನ್ನು ಕಿತ್ತುಹಾಕಿತು. ಚಾರ್ಲ್ಸ್ ನದಿಯ ಈ ದಡದಲ್ಲಿ ಅನ್ಯಾಯವೆಂದು ತೀರ್ಮಾನವಾದದ್ದೇ ಆ ದಡದ ಹಾರ್ವರ್ಡ್ ವಿದ್ವಾಂಸರ ಪುಸ್ತಕದಲ್ಲಿ ಏಳನೆಯ ಅಧ್ಯಾಯವಾಗಿ ಕೂತಿದೆ: ಅರ್ಜಿದಾರರಿಗೆ ಸಲಹೆ.

ಆ ಅಧ್ಯಾಯ ಓದುವಾಗ ಮೂರನೆಯ ಅಧ್ಯಾಯದ ಲೇಖಕರೇ ಇವರು ಎಂದು ನಂಬುವುದು ಕಷ್ಟವಾಗುತ್ತದೆ. ಮೇಜಿನ ನಿಯಮ ಮೋಸದ್ದು ಎಂದು ಸಾಬೀತು ಮಾಡಿದವರು ಈಗ ಅದೇ ಮೇಜಿನಲ್ಲಿ ಹೇಗೆ ಆಡಬೇಕೆಂದು ಪಾಠ ಹೇಳುತ್ತಾರೆ. ‘ಎಲ್ಲರಿಗೂ ನಿಯಮ ಗೊತ್ತಾದರೆ ನ್ಯಾಯ ಬರುತ್ತದೆ’ ಎಂಬುದು ಇದರ ಸಮರ್ಥನೆ. ಆಗಿದ್ದೇನು? ನಿಯಮ ಗೊತ್ತಿದ್ದ ಶಾಲೆಗಳಿಗೆ ಮುದ್ರಿತ ಆಧಾರ ಸಿಕ್ಕಿತು, ಖಾಸಗಿ ಕೌನ್ಸೆಲರ್‌ಗಳಿಗೆ ಸರಕು ಸಿಕ್ಕಿತು. ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದೇ ಅಂಕ ಪಡೆದ ಮಧ್ಯಮ ವರ್ಗದ ಮಕ್ಕಳಿಗಿಂತ ಅತಿ ಶ್ರೀಮಂತ ಶೇ. 1ರ ಮನೆಯ ಮಕ್ಕಳು ಅತ್ಯುನ್ನತ ಕಾಲೇಜುಗಳನ್ನು ಸೇರುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು. ಅದಕ್ಕೆ ಅರ್ಲಿ ಒಂದೇ ಕಾರಣವಲ್ಲ. ಗುಟ್ಟು ಬಯಲಾಗಿ ಇಪ್ಪತ್ತು ವರ್ಷವಾದರೂ ಬಯಲಿನಿಂದ ಬಡವನಿಗೆ ಬಂದ ಲಾಭ ಮಾತ್ರ ಕಾಣುವುದಿಲ್ಲ.

ಇಲ್ಲಿ ಇನ್ನೊಂದು ಪಂಗಡದ ವಿಮರ್ಶಕರ ಜತೆ ಜಗಳ ತೆಗೆಯಲೇಬೇಕು. ಜೇಮ್ಸ್ ಫ್ಯಾಲೋಸ್ 2001ರ ಸೆಪ್ಟೆಂಬರಿನಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಗೆ ಬರೆದ ‘ದಿ ಅರ್ಲಿ ಡಿಸಿಷನ್ ರ್‍ಯಾಕೆಟ್’ ಈ ವಿಷಯದ ಆದಿಗ್ರಂಥ ಎಂಬಂತೆ ಪೂಜೆಗೊಳ್ಳುತ್ತಿದೆ. ಬರವಣಿಗೆ ಚುರುಕು, ಕೋಪ ಪ್ರಾಮಾಣಿಕ. ರೋಗನಿರ್ಣಯ ಮಾತ್ರ ಕಾಲದ ಪರೀಕ್ಷೆಯಲ್ಲಿ ಬಿದ್ದುಹೋಯಿತು. ಸೀಟು ಸಿಕ್ಕವರಲ್ಲಿ ಎಷ್ಟು ಮಂದಿ ಸೇರಿದರು ಎಂಬ ಲೆಕ್ಕವನ್ನು ‘ಯು.ಎಸ್. ನ್ಯೂಸ್’ ಪತ್ರಿಕೆ ತನ್ನ ಕಾಲೇಜು ಶ್ರೇಯಾಂಕಕ್ಕೆ ಬಳಸುತ್ತದೆ, ಆ ಲೆಕ್ಕವನ್ನು ಉಬ್ಬಿಸಲು ಕಾಲೇಜುಗಳು ಅರ್ಲಿಯ ಬೆನ್ನು ಹತ್ತಿವೆ ಎಂಬುದು ಆ ಪಂಗಡದ ವಾದ. ಸರಿ, 2003ರಲ್ಲಿ ‘ಯು.ಎಸ್. ನ್ಯೂಸ್’ ಆ ಲೆಕ್ಕವನ್ನು ಕೈಬಿಟ್ಟಿತು. 2018ರಲ್ಲಿ ಎಷ್ಟು ಮಂದಿಯನ್ನು ತಿರಸ್ಕರಿಸಿದಿರಿ ಎಂಬ ಲೆಕ್ಕವನ್ನೂ ಬಿಟ್ಟಿತು. ಅರ್ಲಿ ಡಿಸಿಷನ್ ಕರಗಿತೇ? ಷಿಕಾಗೊ ವಿಶ್ವವಿದ್ಯಾಲಯ 2016ರಲ್ಲಿ ಹೊಸದಾಗಿ ಶುರುಮಾಡಿತು, ಅದೂ ಎರಡು ಸುತ್ತು. ಸಾರ್ವಜನಿಕ ಸಂಸ್ಥೆಯಾದ ಮಿಷಿಗನ್ ವಿಶ್ವವಿದ್ಯಾಲಯ 2025ರಲ್ಲಿ ಶುರುಮಾಡಿತು. ಶ್ರೇಯಾಂಕ ನೆಪವಷ್ಟೇ. ಡಿಸೆಂಬರಿನಲ್ಲೇ ಅರ್ಧ ತರಗತಿಯ ಶುಲ್ಕ ಖಾತರಿಯಾಗುವ ಸುಖವನ್ನು ಯಾವ ಹಣಕಾಸು ಅಧಿಕಾರಿ ಬಿಟ್ಟಾನು? ಫ್ಯಾಲೋಸ್ ಭಕ್ತರು ಈ ಸರಳ ಪ್ರಶ್ನೆಯ ಮುಂದೆ ಇಂದಿಗೂ ನಿಲ್ಲುವುದಿಲ್ಲ.

ಅಗ್ರಸ್ಥಾನದ ನಾಲ್ಕು ಸಂಸ್ಥೆಗಳು ಅರ್ಲಿಯನ್ನು ಕೈಬಿಟ್ಟರೆ ಉಳಿದವು ತಾವಾಗಿ ಬಿಡುತ್ತವೆ ಎಂಬ ನಂಬಿಕೆಗೂ ಪರೀಕ್ಷೆ ನಡೆದಿದೆ. 2006ರಲ್ಲಿ ಹಾರ್ವರ್ಡ್ ತನ್ನ ಅರ್ಲಿಯನ್ನು ನಿಲ್ಲಿಸಿತು, ಇದು ಈಗಾಗಲೇ ಅನುಕೂಲವಿದ್ದವರಿಗೇ ಅನುಕೂಲ ಎಂದು ಆಗ ಹಂಗಾಮಿ ಅಧ್ಯಕ್ಷರಾಗಿದ್ದ ಡೆರೆಕ್ ಬಾಕ್ ಬಾಯಿಬಿಟ್ಟು ಹೇಳಿದರು. ಪ್ರಿನ್ಸ್‌ಟನ್ ಮತ್ತು ವರ್ಜೀನಿಯಾ ಹಿಂದೆ ಬಂದವು. ಉಳಿದವರು ಬಾಗಿಲಲ್ಲಿ ನಿಂತು ನೋಡಿದರು. 2011ರ ಹೊತ್ತಿಗೆ ಮೂರೂ ತಣ್ಣಗೆ ಹಳೆ ದಾರಿಗೆ ಮರಳಿದವು. ಎಲ್ಲರೂ ಕೂತು ಒಪ್ಪಂದ ಮಾಡಿಕೊಳ್ಳಬಾರದೇ ಎಂದರೆ ಸ್ಪರ್ಧಾ ಕಾನೂನು ಅಡ್ಡ ಬರುತ್ತದೆ. ಧನಸಹಾಯದ ಬಗ್ಗೆ ಒಳಗೊಳಗೇ ಮಾತಾಡಿಕೊಳ್ಳುತ್ತಿದ್ದ ಐವಿ ಲೀಗ್ ಕಾಲೇಜುಗಳ ಮೇಲೆ 1991ರಲ್ಲೇ ಸರ್ಕಾರ ಮೊಕದ್ದಮೆ ಹೂಡಿತ್ತು. 2019ರಲ್ಲಿ ಅದೇ ಸರ್ಕಾರದ ನ್ಯಾಯ ಇಲಾಖೆಯ ಒತ್ತಡಕ್ಕೆ ಪ್ರವೇಶ ಸಲಹೆಗಾರರ ರಾಷ್ಟ್ರೀಯ ಸಂಘ ತನ್ನ ನೀತಿಸಂಹಿತೆಯಿಂದ ಒಂದು ನಿಯಮವನ್ನು ತೆಗೆಯಬೇಕಾಯಿತು: ಅರ್ಲಿ ಹಾಕುವವರಿಗೆ ವಿಶೇಷ ಆಮಿಷ ಒಡ್ಡಬಾರದು ಎಂಬ ನಿಯಮ. 2025ರ ಆಗಸ್ಟ್‌ನಲ್ಲಿ ಕಾನೂನು ಮತ್ತೆ ಮಗ್ಗುಲು ಬದಲಿಸಿತು. ಅರ್ಲಿ ಡಿಸಿಷನ್ ಎಂಬುದೇ ಸ್ಪರ್ಧೆಯನ್ನು ಕೊಲ್ಲುವ ಕೂಟ ಎಂದು 32 ಕಾಲೇಜುಗಳ ಮೇಲೆ ವಿದ್ಯಾರ್ಥಿಗಳು ದಾವೆ ಹಾಕಿದರು. ಅದರ ವಾದ ನನ್ನ ವಾದಕ್ಕೆ ಹತ್ತಿರ: ಹೋಲಿಸುವ ಹಕ್ಕು ಹೋದ ಕಡೆ ಬೆಲೆ ಏರುತ್ತದೆ.

ಇನ್ನು ‘ಉತ್ಸಾಹ’ದ ಪಂಗಡ. ಏವರಿ ಮತ್ತು ಲೆವಿನ್‌ರ ಪ್ರಬಂಧದ ತಿರುಳು ಇಷ್ಟು: ಕಾಲೇಜಿಗೆ ಬೇಕಾದದ್ದು ತನ್ನ ಮೇಲೆ ನಿಜವಾದ ಒಲವಿರುವ ವಿದ್ಯಾರ್ಥಿ, ಅರ್ಲಿ ಅರ್ಜಿ ಆ ಒಲವಿನ ಸಂಕೇತ. ಗಣಿತ ಅಚ್ಚುಕಟ್ಟು. (ಈ ಜೊನಾಥನ್ ಲೆವಿನ್ ಯೇಲ್‌ನ ಅಧ್ಯಕ್ಷರಾಗಿದ್ದ ರಿಚರ್ಡ್ ಲೆವಿನ್‌ರ ಮಗ, ತಂದೆಯ ಆಡಳಿತದಲ್ಲಿ ಯೇಲ್ 2002ರಲ್ಲಿ ಕಡ್ಡಾಯದ ಅರ್ಲಿಯನ್ನು ಬಿಟ್ಟಿತು, ಮಗ 2024ರಿಂದ ಸ್ಟ್ಯಾನ್‌ಫರ್ಡ್‌ನ ಅಧ್ಯಕ್ಷ. ಈ ಕ್ಷೇತ್ರದಲ್ಲಿ ಆಟಗಾರ, ಪಂಚ, ವರದಿಗಾರ ಮೂವರೂ ಒಂದೇ ಮನೆಯ ಊಟಕ್ಕೆ ಕೂತಿರುತ್ತಾರೆ.) ಸಂಕೇತ ನಂಬಿಕೆಗೆ ಅರ್ಹವಾಗಬೇಕಾದರೆ ಅದಕ್ಕೆ ಏನಾದರೂ ಬೆಲೆ ಇರಬೇಕು ಎಂಬುದು ಸರಿಯೇ. ಆ ಬೆಲೆ ಹಣದ್ದೇ ಆಗಬೇಕೇ? ಅಮೆರಿಕದ ಅರ್ಥಶಾಸ್ತ್ರಜ್ಞರ ಸಂಘ 2006ರಿಂದ ತನ್ನದೇ ಉದ್ಯೋಗ ಮಾರುಕಟ್ಟೆಯಲ್ಲಿ ಒಂದು ಏರ್ಪಾಡು ಮಾಡಿಕೊಂಡಿದೆ. ಕೆಲಸ ಹುಡುಕುವ ಪ್ರತಿಯೊಬ್ಬರೂ ಎರಡು ಸಂಸ್ಥೆಗಳಿಗೆ ಮಾತ್ರ ‘ನಿಮ್ಮ ಮೇಲೆ ವಿಶೇಷ ಆಸಕ್ತಿಯಿದೆ’ ಎಂಬ ಸಂಕೇತ ಕಳಿಸಬಹುದು. ಎರಡೇ ಎನ್ನುವುದರಿಂದ ಅದಕ್ಕೆ ತೂಕ. ಕಳಿಸಿದವರು ಬರುವ ಕೆಲಸಗಳನ್ನೆಲ್ಲ ಹೋಲಿಸಿ, ಸಂಬಳ ಚರ್ಚಿಸಿ, ಬೇಕಾದದ್ದನ್ನು ಸೇರಬಹುದು. ಯಾರೂ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ. ತಮ್ಮ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಈ ಸೌಜನ್ಯ ತೋರಿದವರು ಹದಿನೇಳರ ಮಕ್ಕಳ ವಿಷಯಕ್ಕೆ ಬಂದಾಗ ಕಡ್ಡಾಯದ ಒಪ್ಪಂದದಲ್ಲಿ ಒಲವಿನ ಸಂಕೇತ ಕಾಣುತ್ತಾರೆ.

ಭಾರತದಿಂದ ಅರ್ಜಿ ಹಾಕುವವರಿಗಂತೂ ನೂರು ಅಂಕದ ಮಾತು ದಾರಿ ತಪ್ಪಿಸುವಂಥದ್ದು. ಪುಸ್ತಕದ ಕಣ್ಣಿರುವುದು ಅಮೆರಿಕದ ಹೈಸ್ಕೂಲುಗಳ ಮೇಲೆ. ಹೊರದೇಶದ ಮಕ್ಕಳು ಧನಸಹಾಯ ಕೇಳಿದರೂ ಪ್ರವೇಶದ ತೀರ್ಮಾನದಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಕಾಲೇಜುಗಳು ಬೆರಳೆಣಿಕೆಯಷ್ಟು: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, ಡಾರ್ಟ್‌ಮತ್, ಬೌಡನ್, ಬ್ರೌನ್ ಮತ್ತು ಇನ್ನೊಂದೆರಡು. ಇವುಗಳಲ್ಲಿ ಮೊದಲ ನಾಲ್ಕರ ಅರ್ಲಿ ಕಡ್ಡಾಯದ್ದಲ್ಲ. ಕಾರ್ನೆಲ್, ಪೆನ್, ಕೊಲಂಬಿಯಾಗಳಲ್ಲಿ ಹೊರದೇಶದವರು ಕೇಳುವ ಹಣವೂ ತಕ್ಕಡಿಗೆ ಬೀಳುತ್ತದೆ, ಅರ್ಲಿಯೂ ಕಡ್ಡಾಯ. ವರ್ಷಕ್ಕೆ 90,000 ಡಾಲರ್ ಆಸುಪಾಸಿನ ಖರ್ಚು ಎಂದರೆ ನಮ್ಮ ಲೆಕ್ಕದಲ್ಲಿ ಮುಕ್ಕಾಲು ಕೋಟಿ. ಅಷ್ಟನ್ನು ಕೈಯಿಂದ ಕಟ್ಟುವ ಮನೆಗೆ ಅರ್ಲಿ ಎಲ್ಲಿಗೆ ಹಾಕಿದರೂ ನಷ್ಟವಿಲ್ಲ. ಸಲಹೆಗಾರರ ಕಥೆಗಳಲ್ಲಿ ಗೆದ್ದು ಬರುವವರು ಹೆಚ್ಚಾಗಿ ಅಂಥ ಮನೆಯವರು. ಸಹಾಯವಿಲ್ಲದೆ ಹೋಗಲಾಗದ ಮನೆಗೆ ಮೊದಲ ಪ್ರಶ್ನೆ, ಈ ಕಾಲೇಜು ಪರದೇಶದ ಮಕ್ಕಳಿಗೆ ಹಣ ಕೊಡುತ್ತದೋ, ಕೊಟ್ಟರೆ ಕೇಳಿದ್ದಕ್ಕೆ ದಂಡ ಹಾಕುತ್ತದೋ. ಎರಡನೆಯದು, ಡಿಸೆಂಬರಿನಲ್ಲಿ ಬರುವ ಆ ಒಂದೇ ಕಾಗದದ ಮೊತ್ತ ಎಷ್ಟಾದರೆ ಒಪ್ಪುತ್ತೇವೆ ಎಂದು ಅಕ್ಟೋಬರಿನಲ್ಲೇ ಮನೆಯಲ್ಲಿ ಕೂತು ಬರೆದಿಟ್ಟಿದ್ದೇವೆಯೇ ಎಂಬುದು. ಮೊತ್ತ ಬರೆಯಲಾಗದಿದ್ದರೆ ಕಡ್ಡಾಯದ ಅರ್ಲಿಗೆ ಸಹಿ ಹಾಕುವ ಸ್ಥಿತಿಯಲ್ಲಿ ಆ ಮನೆ ಇಲ್ಲ, ಎಂಐಟಿಗೋ ಪ್ರಿನ್ಸ್‌ಟನ್‌ಗೋ ಹಾಕಿ ಜನವರಿಯ ಸುತ್ತಿಗೆ ತಯಾರಾಗುವುದೇ ಮೇಲು.

ಪುಸ್ತಕ ಓದಲೇಬೇಕೆನ್ನುವವರಿಗೆ: ಮೊದಲ ಐದು ಅಧ್ಯಾಯ ಓದಿ, ಬೆಲೆ ಬಾಳುತ್ತವೆ. ಏಳನೆಯದನ್ನು ಬಿಟ್ಟುಬಿಡಿ. ಆ ಹೊತ್ತಿನಲ್ಲಿ ನಿಮ್ಮ ಪಟ್ಟಿಯ ಕಾಲೇಜುಗಳ ಧನಸಹಾಯ ಕಚೇರಿಗೆ ಒಂದೊಂದು ಪತ್ರ ಬರೆಯಬಹುದು. ಹೊರದೇಶದವರಿಗೆ ಕಳೆದ ವರ್ಷ ಎಷ್ಟು ಮಂದಿಗೆ ಎಷ್ಟು ಕೊಟ್ಟಿರಿ ಎಂದು ಕೇಳಿದರೆ ಹಲವರು ಉತ್ತರ ಕೊಡುತ್ತಾರೆ. ಕೊಡದವರನ್ನು ಅರ್ಲಿ ಪಟ್ಟಿಯಿಂದ ತೆಗೆದುಹಾಕಿ.